ಹಿತ್ತಿಲ ನಿಂಬೆಯ ಬಳಗ

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ತೋಟವೆಂದರೆ ತೆಂಗು, ಅಡಿಕೆ, ಹೊಲವೆಂದರೆ ರಾಗಿ. ಪಹಣಿಯಲ್ಲಿ ಕಾಣುವ ಹೆಸರುಗಳೂ ಇವೇ, ಸೊಸೈಟಿಯ ಸಾಲದ ಅರ್ಜಿಯಲ್ಲಿ ಬರೆಸುವ ಹೆಸರುಗಳೂ ಇವೇ. ಮನೆಯ ಹಿಂದೆ, ಬಚ್ಚಲ ನೀರು ಹರಿದುಹೋಗುವ ಕಡೆ, ಕೊಟ್ಟಿಗೆಯ ಮಗ್ಗುಲಲ್ಲಿ ನಿಂತ ನಿಂಬೆಗಿಡ ಮಾತ್ರ ಯಾವ ಲೆಕ್ಕಕ್ಕೂ ಬರುವುದಿಲ್ಲ. ಅದನ್ನು ನೆಟ್ಟವರು ಯಾರೆಂಬುದು ಎಷ್ಟೋ ಮನೆಗಳಲ್ಲಿ ಯಾರಿಗೂ ನೆನಪಿಲ್ಲ. ಮಳೆಗಾಲದಲ್ಲಿ ಕಾಯಿ ಹೆಚ್ಚಾದರೆ ಅಕ್ಕಪಕ್ಕದವರ ಮಡಿಲಿಗೆ, ಉಳಿದದ್ದು ಉಪ್ಪಿನ ಜಾಡಿಗೆ.

2022ರ ಏಪ್ರಿಲ್ ತಿಂಗಳಲ್ಲಿ ಪೇಟೆಯಲ್ಲಿ ಒಂದು ನಿಂಬೆಹಣ್ಣಿಗೆ ಹತ್ತು ರೂಪಾಯಿ ಕೊಡಬೇಕಾಗಿ ಬಂದಾಗ ಈ ಗಿಡದ ಕಡೆ ಜನ ತಿರುಗಿ ನೋಡಿದರು. ಬೆಲೆ ಇಳಿಯಿತು, ಮಾತೂ ನಿಂತಿತು. ಅದರ ನಂತರವೂ ಹಳೆಯ ಹಿತ್ತಿಲುಗಳು ಕಡಿಮೆಯಾಗುತ್ತಲೇ ಇವೆ. ಮನೆ ಒಡೆದು ಕಟ್ಟುವಾಗ ಮೊದಲು ಹೋಗುವುದು ಮುಳ್ಳಿನ ಗಿಡ. ಹೀಗೆ ಹೋಗುತ್ತಿರುವುದು ನಿಂಬೆಯೊಂದೇ ಅಲ್ಲ. ಹೇರಳೆ, ಕಂಚಿ, ಗಜನಿಂಬೆ, ಮಾದಲ ಎಂಬ ಅದರ ಬಂಧುಬಳಗ, ಒಂದೊಂದರ ಗುಣ ಅರಿತು ಒಂದೊಂದು ಕೆಲಸಕ್ಕೆ ಬಳಸಿಕೊಂಡ ತಿಳಿವಳಿಕೆ, ಎರಡೂ ಒಟ್ಟಿಗೆ ಹೋಗುತ್ತಿವೆ. ಗಿಡವಿಲ್ಲದೆ ಆ ತಿಳಿವಳಿಕೆ ನಿಲ್ಲದು. ತಿಳಿವಳಿಕೆಯಿಲ್ಲದ ಮನೆಯಲ್ಲಿ ಗಿಡಕ್ಕೂ ಉಳಿಗಾಲವಿಲ್ಲ.

ಕೆರೆಯ ಕೆಳಗಿನ ಊರು

ಕಡಬ ಹಳೆಯ ಊರು. ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ, ಕ್ರಿ.ಶ. 812ರ ತಾಮ್ರಶಾಸನ ಇಲ್ಲಿ ದೊರೆತಿದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಶಿಂಷಾ ನದಿಗೆ ಇಲ್ಲಿ ಏರಿ ಹಾಕಿ ದೊಡ್ಡ ಕೆರೆ ಮಾಡಿದ್ದಾರೆ. ಲಂಕೆಯಿಂದ ಮರಳುವಾಗ ರಾಮ ಇಲ್ಲಿ ತಂಗಿದ್ದ, ಸೀತೆಯ ಮಾತಿನಂತೆ ಕೆರೆಗೆ ಏರಿ ಕಟ್ಟಿಸಿದ ಎಂಬುದು ಸ್ಥಳಪುರಾಣ. ಕೆರೆಯಿದ್ದ ಕಡೆ ತೋಟ, ತೋಟವಿದ್ದ ಕಡೆ ಬದುವಿನ ಮೇಲೆ ನಾಲ್ಕು ಬಗೆಯ ಹಣ್ಣಿನ ಗಿಡ. ಬಯಲುಸೀಮೆಯ ಕೆರೆಯ ಊರುಗಳ ಕ್ರಮವೇ ಇದು.

ನಿಂಬೆಗೆ ಈ ನೆಲ ಒಪ್ಪುತ್ತದೆ. ನೀರು ನಿಲ್ಲದ ಕೆಂಪು ಮರಳುಮಿಶ್ರಿತ ಮಣ್ಣು, ಬಿಸಿಲು, ಅತಿಯಾಗದ ಮಳೆ, ಇಷ್ಟಿದ್ದರೆ ಅದಕ್ಕೆ ಸಾಕು. ಬೇರು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಬುಡವನ್ನು ಆಳವಾಗಿ ಅಗೆದರೆ ಗಿಡ ಸೊರಗುವುದು ಇದರಿಂದಲೇ. ಬುಡದಲ್ಲಿ ನೀರು ನಿಂತರೆ ಕಾಂಡದ ತೊಗಟೆ ಒಡೆದು ಅಂಟು ಸೋರತೊಡಗುತ್ತದೆ. ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಜೀವಿಯ ಕಾಟ ಅದು. ಹಾಗಾಗಿ ಪಾತಿ ಮಾಡುವಾಗ ಕಾಂಡದ ಸುತ್ತ ಮಣ್ಣು ಏರಿಸಿ, ಅದರಾಚೆಯ ಬಳೆಯಲ್ಲಿ ಮಾತ್ರ ನೀರು ನಿಲ್ಲುವಂತೆ ಮಾಡಬೇಕು. ಬಚ್ಚಲ ನೀರಿನ ವಿಷಯದಲ್ಲೂ ಎಚ್ಚರ ಬೇಕು. ಸೀಗೆಪುಡಿ, ಕಡಲೆಹಿಟ್ಟು ಹರಿದುಬರುತ್ತಿದ್ದ ಕಾಲದ ನೀರು ಬೇರೆ, ಬಟ್ಟೆ ಸೋಪಿನ ಪುಡಿಯ ಉಪ್ಪು ಹರಿದುಬರುವ ಇಂದಿನ ನೀರು ಬೇರೆ. ಉಪ್ಪಿನಂಶಕ್ಕೆ ಬೇಗ ಸೋಲುವ ಗಿಡಗಳ ಸಾಲಿನಲ್ಲಿ ನಿಂಬೆಯ ಕುಲವೂ ಸೇರಿದೆ.

ಬಾಡಿದ ಮೇಲೆ ಹೂವು

ನಿಂಬೆಯ ಎಲೆಯನ್ನು ತೊಟ್ಟಿನ ಬಳಿ ನೋಡಿದರೆ ಅಲ್ಲೊಂದು ಸಣ್ಣ ಗಂಟಿದೆ. ತೊಟ್ಟಿನ ಇಕ್ಕೆಲದಲ್ಲಿ ತೆಳ್ಳನೆಯ ರೆಕ್ಕೆಯಂಥ ಅಂಚಿದೆ. ಈ ರೆಕ್ಕೆ ಚಕ್ಕೋತದಲ್ಲಿ ಅಗಲ, ನಿಂಬೆಯಲ್ಲಿ ಕಿರಿದು, ಮಾದಲದಲ್ಲಿ ಇಲ್ಲವೆನ್ನುವಷ್ಟು. ಹಣ್ಣಿಲ್ಲದ ಕಾಲದಲ್ಲೂ ಬಳಗವನ್ನು ಗುರುತಿಸಲು ಇದು ಸುಲಭದ ದಾರಿ. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಚುಕ್ಕಿಗಳು ಹೊಳೆಯುತ್ತವೆ. ಅವು ಎಣ್ಣೆಯ ಗ್ರಂಥಿಗಳು. ಸಿಪ್ಪೆಯಲ್ಲಿಯೂ ಅವೇ, ಸಿಪ್ಪೆ ಮಡಚಿ ಹಿಂಡಿದಾಗ ಚಿಮ್ಮುವುದು ರಸವಲ್ಲ, ಲಿಮೊನೀನ್ ಹೆಚ್ಚಾಗಿರುವ ಆ ಎಣ್ಣೆ.

ಗಿಡ ಹೂ ಬಿಡುವುದಕ್ಕೆ ಒಂದು ಹದವಿದೆ. ನೀರಿಲ್ಲದೆ ಕೆಲವು ವಾರ ಬಾಡಬೇಕು, ಆಮೇಲೆ ನೀರು ಗೊಬ್ಬರ ಸಿಗಬೇಕು. ಆಗ ಚಿಗುರಿನ ಜೊತೆಗೆ ಮೊಗ್ಗು ಬರುತ್ತದೆ. ಬಯಲುಸೀಮೆಯ ಹಿತ್ತಿಲಲ್ಲಿ ಈ ಕೆಲಸವನ್ನು ಬೇಸಿಗೆ ಮತ್ತು ಮುಂಗಾರು ಸೇರಿ ತಾವೇ ಮಾಡುತ್ತವೆ. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು. ಮಳೆ ಬಿದ್ದ ಮೇಲೆ ಹೂ ಬಿಟ್ಟ ಗಿಡ ಚಳಿಗಾಲಕ್ಕೆ ಹಣ್ಣು ಕೊಡುತ್ತದೆ, ಚಳಿ ಕಳೆಯುವಾಗ ಹೂ ಬಿಟ್ಟದ್ದು ಮಳೆಗಾಲಕ್ಕೆ. ಬೇಸಿಗೆಯಲ್ಲಿ ಹಣ್ಣು ಬೇಕೆಂದರೆ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಹೂ ಬಿಡಿಸಬೇಕು. ಅದು ಮಳೆಯ ಕಾಲ, ಗಿಡವನ್ನು ಬಾಡಿಸುವುದು ಕಷ್ಟ. ಬೇಸಿಗೆಯಲ್ಲಿ ನಿಂಬೆ ತುಟ್ಟಿಯಾಗುವುದರ ಮೂಲ ಇಲ್ಲಿದೆ: ಎಲ್ಲರಿಗೂ ಹಣ್ಣು ಬೇಕಾದ ಕಾಲಕ್ಕೆ ಕೊಡುವ ಹೂವೇ ಎಲ್ಲಕ್ಕಿಂತ ಕಡಿಮೆ.

ವಿಜಯಪುರ ಜಿಲ್ಲೆಯ ಇಂಡಿ ಭಾಗದ ಬೆಳೆಗಾರರು ಈ ಲೆಕ್ಕವನ್ನು ಚೆನ್ನಾಗಿ ಬಲ್ಲರು. ರಾಜ್ಯದಲ್ಲಿ ನಿಂಬೆ ದೊಡ್ಡ ಬೆಳೆಯಾಗಿರುವುದು ಅಲ್ಲಿ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ನೆಲೆಯೂ ಇಂಡಿಯೇ. ತುಮಕೂರು ಸೀಮೆಯಲ್ಲಿ ನಿಂಬೆಗೆ ಅಂಥ ಸ್ಥಾನವಿಲ್ಲ. ಇಲ್ಲಿ ಅದು ಹಿತ್ತಿಲ ಗಿಡ, ಬೇಲಿಯ ಗಿಡ, ತೆಂಗಿನ ತೋಟದ ಮೂಲೆಯ ಗಿಡ. ಹಿತ್ತಿಲ ಗಿಡದ ಅನುಕೂಲವೂ ಇದರಲ್ಲಿಯೇ ಇದೆ. ಪೇಟೆಗೆ ಒಂದೇ ಗಾತ್ರದ, ಒಂದೇ ಬಣ್ಣದ ಹಣ್ಣು ಬೇಕು. ಮನೆಗೆ ಹಾಗಿಲ್ಲ, ಮನೆಯಲ್ಲಿ ಬಳಗದ ಎಲ್ಲರಿಗೂ ಕೆಲಸವಿದೆ.

ಒಂದು ಬೀಜ, ಹಲವು ಮೊಳಕೆ

ನಿಂಬೆಯ ಬೀಜ ಹಾಕಿ ನೋಡಿದವರಿಗೆ ಇದು ಕಂಡಿರುತ್ತದೆ: ಒಂದೇ ಬೀಜದಿಂದ ಎರಡು, ಕೆಲವೊಮ್ಮೆ ಮೂರು ಮೊಳಕೆ ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗಸ್ಪರ್ಶದಿಂದ ಹುಟ್ಟಿದವಲ್ಲ. ಬೀಜದೊಳಗಿನ ತಾಯಿಯ ಅಂಗಾಂಶದಿಂದಲೇ ನೇರವಾಗಿ ಬೆಳೆದ ಭ್ರೂಣಗಳು. ಆದ್ದರಿಂದ ಅವು ತಾಯಿಗಿಡದ ಪಡಿಯಚ್ಚು. ನರ್ಸರಿಯವರು ಪಾತಿಯಲ್ಲಿ ಒಂದೇ ಎತ್ತರದ, ಒಂದೇ ಚಹರೆಯ ಸಸಿಗಳನ್ನು ಉಳಿಸಿಕೊಂಡು, ಬಡಕಲಾಗಿರುವುದನ್ನೂ ಬೇರೆಯಾಗಿ ಕಾಣುವುದನ್ನೂ ಕಿತ್ತುಹಾಕುವುದು ಈ ಕಾರಣಕ್ಕೇ. ಒಳ್ಳೆಯ ನಿಂಬೆಗಿಡ ಹೋದರೂ ಅದರ ಬೀಜದ ಸಸಿ ಇದ್ದರೆ ಗುಣ ಬಹುಮಟ್ಟಿಗೆ ಉಳಿಯುತ್ತದೆ.

ಮಾದಲ ಮತ್ತು ಚಕ್ಕೋತದಲ್ಲಿ ಹೀಗಿಲ್ಲ. ಅವುಗಳ ಬೀಜದಲ್ಲಿ ಒಂದೇ ಭ್ರೂಣ, ಅದೂ ತಂದೆ ತಾಯಿಯ ಗುಣ ಬೆರೆತದ್ದು. ಸಿಹಿ ಚಕ್ಕೋತದ ಬೀಜ ಹಾಕಿದರೆ ಕಹಿ ಬರಬಹುದು, ಹುಳಿ ಬರಬಹುದು. ಅಂದರೆ, ಹೆಸರಾದ ಮಾದಲದ ಮರವೊಂದನ್ನು ಕಡಿದರೆ ಆ ಹಣ್ಣು ಅಲ್ಲಿಗೇ ಮುಗಿಯಿತು.

ಮಾದಲವನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ. ಈ ಕುಲದ ವಂಶವೃಕ್ಷವನ್ನು ವಿಜ್ಞಾನಿಗಳು ಜೀನೋಮ್ ಓದಿ ಬಿಡಿಸಿಟ್ಟಿದ್ದಾರೆ. ಇಂದಿನ ಬಹುಪಾಲು ಹಣ್ಣುಗಳು ಮಾದಲ, ಚಕ್ಕೋತ, ಕಿತ್ತಳೆಯ ಜಾತಿಯ ಮ್ಯಾಂಡರಿನ್ ಎಂಬ ಮೂರು ಮೂಲಗಳಿಂದ ಮತ್ತು ಅವುಗಳ ಜೊತೆ ಬೆರೆತ ಒಂದೆರಡು ಕಾಡುಜಾತಿಗಳಿಂದ ಹುಟ್ಟಿದವು. ಹಿಮಾಲಯದ ಆಗ್ನೇಯ ತಪ್ಪಲು ಇವುಗಳ ತವರು ಎಂದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿತು. ನಮ್ಮ ಕಾಗಜಿ ನಿಂಬೆಗೆ ತಾಯಿ ಆಗ್ನೇಯ ಏಷ್ಯಾದ ಮೈಕ್ರಾಂತ ಎಂಬ ಕಾಡುಜಾತಿ, ತಂದೆ ಮಾದಲ. ಶೀತದೇಶದ ಅಂಗಡಿಗಳಲ್ಲಿ ಸಿಗುವ ದೊಡ್ಡ ಹಳದಿ ಲೆಮನ್‌ಗೆ ತಾಯಿ ಹುಳಿ ಕಿತ್ತಳೆ, ತಂದೆ ಅದೇ ಮಾದಲ. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಮಾತುಳುಂಗ ಇದೇ ಹಣ್ಣು.

ಹೇರಳೆಯ ಹೆಸರು ಊರಿಂದೂರಿಗೆ ಹೊರಳುತ್ತದೆ. ಎರಳೆ ಎನ್ನುವವರೂ ಇದ್ದಾರೆ, ಕಂಚಿಯನ್ನೂ ಅದನ್ನೂ ಒಂದೇ ಎನ್ನುವವರೂ ಇದ್ದಾರೆ. ಕಿತ್ತಳೆಯ ಗಾತ್ರ, ದಪ್ಪ ಸಿಪ್ಪೆ, ಹುಳಿಯ ಹಿಂದೆಯೇ ಬರುವ ಸಣ್ಣ ಕಹಿ ಇದರ ಗುರುತು. ಗಜನಿಂಬೆ ಒರಟು ಮೈಯ ದೊಡ್ಡ ಹಣ್ಣು, ರಸ ಧಾರಾಳ. ಮಾದಲದಲ್ಲಿ ರಸ ಕಡಿಮೆ, ಬಿಳಿಯ ತಿರುಳೇ ಹೆಚ್ಚು. ಈ ವ್ಯತ್ಯಾಸಗಳನ್ನು ನೋಡಿಯೇ ನಮ್ಮ ಅಡುಗೆಮನೆ ಕೆಲಸ ಹಂಚಿತು: ಹಿಂಡುವುದಕ್ಕೆ ನಿಂಬೆ ಮತ್ತು ಗಜನಿಂಬೆ, ಗೊಜ್ಜಿಗೆ ಹೇರಳೆ, ಹೋಳಿನ ಉಪ್ಪಿನಕಾಯಿಗೆ ಹೇರಳೆಯ ಜೊತೆಗೆ ಕಂಚಿ, ಮದ್ದಿಗೆ ಮಾದಲ.

ಮುದ್ದೆಯ ಜೊತೆಗೆ ಒಂದು ಹೋಳು

ರಾಗಿಯ ಸೀಮೆಯಲ್ಲಿ ನಿಂಬೆಯ ದೊಡ್ಡ ಉಪಕಾರ ಊಟದ ತಟ್ಟೆಯಲ್ಲಿ ನಡೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದೆ. ಸೊಪ್ಪಿನಲ್ಲಿಯೂ ಇದೆ, ಕಾಳಿನಲ್ಲಿಯೂ ಇದೆ. ಆದರೆ ಧಾನ್ಯ, ಸೊಪ್ಪುಗಳ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಧಾನ್ಯದಲ್ಲಿರುವ ಫೈಟೇಟ್, ಒಗರಿನ ಪದಾರ್ಥಗಳು ಅದನ್ನು ಕಟ್ಟಿಹಾಕುತ್ತವೆ. ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಅದು ಕಬ್ಬಿಣದ ರೂಪ ಬದಲಿಸಿ, ಕರುಳು ಹೀರಿಕೊಳ್ಳುವ ಸ್ಥಿತಿಯಲ್ಲಿ ಇಡುತ್ತದೆ. ಮುದ್ದೆ, ಬಸ್ಸಾರಿನ ಜೊತೆಗೆ ನಿಂಬೆಯ ಹೋಳೊಂದನ್ನು ಹಿಂಡಿಕೊಂಡರೆ ರುಚಿಯ ಜೊತೆಗೆ ಈ ಲಾಭವೂ ಉಂಟು. ಊಟ ಮುಗಿದು ಗಂಟೆ ಕಳೆದ ಮೇಲೆ ಕುಡಿದ ಪಾನಕಕ್ಕೆ ಈ ಕೆಲಸ ಆಗದು. ಎರಡೂ ಒಟ್ಟಿಗೆ ಹೊಟ್ಟೆ ಸೇರಬೇಕು. ಉಂಡ ಕೂಡಲೇ ಟೀ ಕುಡಿದರೆ ಬಂದ ಲಾಭವೂ ಹೋಗುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ನಿಂಬೆಯೊಂದೇ ಇದಕ್ಕೆ ಮದ್ದಲ್ಲ. ಕಬ್ಬಿಣದ ಮಾತ್ರೆ ಬೇಕಾದವರು ಅದನ್ನು ತೆಗೆದುಕೊಳ್ಳಲೇಬೇಕು. ಆದರೆ ತಟ್ಟೆಯಲ್ಲಿರುವ ಕಬ್ಬಿಣ ದಕ್ಕುವ ಹಾಗೆ ಮಾಡಲು ಹಿತ್ತಿಲ ಗಿಡಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ನೂರು ಗ್ರಾಂ ನಿಂಬೆಯಲ್ಲಿ ಸಿ ಜೀವಸತ್ವ ಸುಮಾರು 30 ಮಿಲಿಗ್ರಾಂ. ಬೆಟ್ಟದ ನೆಲ್ಲಿ, ಸೀಬೆಗಳಲ್ಲಿ ಇದರ ಹಲವು ಪಟ್ಟು ಇದೆ. ನಿಂಬೆಯ ಮಹತ್ವ ಅದರ ಪ್ರಮಾಣದಲ್ಲಿಲ್ಲ, ದಿನವೂ ಬಿಸಿ ಅಡುಗೆಯ ಮೇಲೆ ಹಸಿಯಾಗಿ ಬೀಳುವ ಹಣ್ಣು ಎಂಬುದರಲ್ಲಿದೆ. ಚಿತ್ರಾನ್ನ ಮಾಡುವಾಗ ಒಗ್ಗರಣೆ ಇಳಿಸಿ, ಅನ್ನ ಆರಿದ ಮೇಲೆ ರಸ ಹಿಂಡು ಎಂದು ಹಿರಿಯರು ಹೇಳಿಕೊಡುತ್ತಾರೆ. ಒಲೆಯ ಮೇಲೆ ಹಿಂಡಿದರೆ ಕಹಿಯಾಗುತ್ತದೆ ಎಂಬುದು ಅವರು ಕೊಡುವ ಕಾರಣ. ಸಿ ಜೀವಸತ್ವ ಕಾವಿಗೂ ಗಾಳಿಗೂ ಬೇಗ ನಶಿಸುತ್ತದೆ ಎಂಬುದು ಅದರ ಜೊತೆಗೆ ಸೇರಿಸಬೇಕಾದ ಇನ್ನೊಂದು ಕಾರಣ.

ಈ ಪಾಠವನ್ನು ಬ್ರಿಟಿಷ್ ನೌಕಾಪಡೆ ದುಬಾರಿ ಬೆಲೆ ತೆತ್ತು ಕಲಿಯಿತು. ತಿಂಗಳುಗಟ್ಟಲೆ ಕಡಲಲ್ಲಿರುತ್ತಿದ್ದ ನಾವಿಕರ ವಸಡು ಕೊಳೆತು, ಹಳೆಯ ಗಾಯ ಬಿರಿದು ಸಾಯುವ ಸ್ಕರ್ವಿ ಎಂಬ ರೋಗವಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಸ್ಯಾಲಿಸ್ಬರಿ ಹಡಗಿನಲ್ಲಿ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಆರು ಬಗೆಯ ಮದ್ದು ಕೊಟ್ಟ. ಕಿತ್ತಳೆ, ಲೆಮನ್ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. ಆದರೂ ಲೆಮನ್ ರಸ ಹಡಗುಗಳಿಗೆ ಅಧಿಕೃತವಾಗಿ ಬಂದದ್ದು 1795ರಲ್ಲಿ. 1860ರ ದಶಕದಲ್ಲಿ ಲೆಮನ್ ಬಿಟ್ಟು ವೆಸ್ಟ್ ಇಂಡೀಸಿನ ನಿಂಬೆರಸಕ್ಕೆ ಬದಲಾಯಿಸಿದರು. ಎರಡೂ ಹುಳಿಯೇ, ಕೆಲಸವೂ ಒಂದೇ ಎಂದುಕೊಂಡರು. ನಿಂಬೆಯಲ್ಲಿ ಸಿ ಜೀವಸತ್ವ ಲೆಮನ್‌ಗಿಂತ ಕಡಿಮೆ. ಸೀಸೆಯಲ್ಲಿ ಕಾಲ ಕಳೆದ ರಸದಲ್ಲಿ ಇನ್ನೂ ಕಡಿಮೆ. 1875ರಲ್ಲಿ ಉತ್ತರ ಧ್ರುವದ ಕಡೆಗೆ ಹೊರಟ ನೇರ್ಸ್ ತಂಡ ಹೇರಳ ನಿಂಬೆರಸ ಒಯ್ದಿದ್ದರೂ ಸ್ಕರ್ವಿಗೆ ಸಿಕ್ಕಿಬಿತ್ತು. ಹುಳಿಗೆ ಕಾರಣ ಸಿಟ್ರಿಕ್ ಆಮ್ಲ, ಸ್ಕರ್ವಿಗೆ ಮದ್ದು ಸಿ ಜೀವಸತ್ವ. ಇವೆರಡೂ ಬೇರೆಬೇರೆ ಎಂಬುದು ಖಚಿತವಾಗಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಬಳಗದ ಒಬ್ಬರ ಗುಣವನ್ನು ಇನ್ನೊಬ್ಬರಿಗೆ ಆರೋಪಿಸಿದರೆ ಜೀವವೇ ಹೋಗಬಹುದು.

ಜಾಡಿ, ಪಾನಕ, ಮಜ್ಜಿಗೆ

ಸಿಟ್ರಿಕ್ ಆಮ್ಲದ ಕೆಲಸ ಜಾಡಿಯಲ್ಲಿ ಕಾಣುತ್ತದೆ. ನಿಂಬೆಯನ್ನು ಒರೆಸಿ, ನಾಲ್ಕು ಹೋಳು ಮಾಡಿ, ಕಲ್ಲುಪ್ಪು ಬೆರೆಸಿ ಪಿಂಗಾಣಿ ಜಾಡಿಯಲ್ಲಿಟ್ಟು ದಿನವೂ ಕುಲುಕುತ್ತಾರೆ. ಉಪ್ಪು ಹೋಳಿನ ನೀರನ್ನು ಎಳೆದುಕೊಳ್ಳುತ್ತದೆ, ಹುಳಿ ಮತ್ತು ಉಪ್ಪು ಸೇರಿದ ಆ ನೀರಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬದುಕಲಾರವು. ವಾರಗಳು ಕಳೆದಂತೆ ಸಿಪ್ಪೆಯ ಕಹಿ ತಗ್ಗಿ ಹೋಳು ಮೆತ್ತಗಾಗುತ್ತದೆ. ಆಮೇಲೆ ಖಾರ, ಮೆಂತ್ಯ, ಇಂಗು. ಕೆಲವು ಮನೆಗಳಲ್ಲಿ ಖಾರ ಹಾಕದ ಉಪ್ಪುನಿಂಬೆಯನ್ನು ವರ್ಷಗಟ್ಟಲೆ ಇಡುತ್ತಾರೆ. ಅದು ಕಪ್ಪಾಗಿ, ಗಟ್ಟಿ ರಸವಾಗಿ, ಜ್ವರ ಬಿಟ್ಟವರಿಗೆ ಗಂಜಿಯ ಜೊತೆ ನೆಂಚಿಕೊಳ್ಳಲು ಬರುತ್ತದೆ. ಅದರಲ್ಲಿ ಸಿ ಜೀವಸತ್ವ ಹುಡುಕಬಾರದು. ಕೆಟ್ಟ ಬಾಯಿಗೆ ರುಚಿ ತರುವುದು, ಉಪ್ಪು ಒದಗಿಸುವುದು ಅದರ ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತದೆ.

ರಾಮ ತಂಗಿದ್ದನೆಂದು ನಂಬುವ ಸೀಮೆಯಲ್ಲಿ ರಾಮನವಮಿಯ ಪಾನಕಕ್ಕೆ ಬೇರೆಯೇ ಮರ್ಯಾದೆ. ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ, ಶುಂಠಿ, ಮೆಣಸು ಕುಟ್ಟಿ ಹಾಕಿ, ಕೊನೆಗೆ ನಿಂಬೆ ಹಿಂಡುತ್ತಾರೆ. ಜೊತೆಗೆ ಹೆಸರುಬೇಳೆಯ ಕೋಸಂಬರಿ, ಅದಕ್ಕೂ ನಿಂಬೆ. ಬಿಸಿಲು ಏರುವ ಚೈತ್ರದಲ್ಲಿ ಬೆವರಿದ ಮೈಗೆ ನೀರು, ಸಕ್ಕರೆಯಂಶ, ಹುಳಿ ಒಟ್ಟಿಗೆ ಸಿಗುವ ಏರ್ಪಾಡು ಇದು.

ನೀರುಮಜ್ಜಿಗೆಗೆ ಹಣ್ಣಿನ ಬದಲು ಎಲೆ ಬಳಸುತ್ತಾರೆ. ಎಳೆಯದೂ ಅಲ್ಲದ, ಬಲಿತು ಒರಟಾದದ್ದೂ ಅಲ್ಲದ ಎಲೆ ಆರಿಸಿ, ತೊಳೆದು, ನಡುವಿನ ನರ ಬಿಡಿಸಿ, ಅಂಗೈಯಲ್ಲಿ ಹಿಸುಕಿ ಮಜ್ಜಿಗೆಗೆ ಹಾಕಬೇಕು. ಸ್ವಲ್ಪ ಹೊತ್ತು ಬಿಟ್ಟು ಎಲೆ ತೆಗೆದುಬಿಡಬೇಕು. ಹೆಚ್ಚು ಹೊತ್ತು ಬಿಟ್ಟರೆ ಕಹಿ ಇಳಿಯುತ್ತದೆ. ಮಜ್ಜಿಗೆ ಹುಳಿಯಾಗದೆ ಪರಿಮಳ ಮಾತ್ರ ಬರುತ್ತದೆ. ಹೇರಳೆಯ ಎಲೆಗೂ ಈ ಗುಣವಿದೆ. ಗಿಡ ಹಿತ್ತಿಲಲ್ಲಿದ್ದವರಿಗೆ ಮಾತ್ರ ಸಿಗುವ ಸುಖ ಇದು, ಅಂಗಡಿಯಲ್ಲಿ ಎಲೆ ಮಾರುವುದಿಲ್ಲ.

ಹುಳಿಗೆ ರೋಗಾಣು ತಡೆಯುವ ಶಕ್ತಿಯೂ ಇದೆ. ಪಶ್ಚಿಮ ಆಫ್ರಿಕಾದ ಗಿನಿ-ಬಿಸ್ಸೌದಲ್ಲಿ 1990ರ ದಶಕದಲ್ಲಿ ಕಾಲರಾ ಹಬ್ಬಿದಾಗ, ಅನ್ನದ ಸಾರಿಗೆ ನಿಂಬೆರಸ ಹಿಂಡಿಕೊಂಡವರಿಗೆ ರೋಗ ಕಡಿಮೆ ತಗುಲಿದ್ದನ್ನು ಸಂಶೋಧಕರು ದಾಖಲಿಸಿದರು. ಕಾಲರಾದ ಬ್ಯಾಕ್ಟೀರಿಯಾ ಆಮ್ಲಕ್ಕೆ ಸೋಲುವ ಜೀವಿ. ಇದನ್ನು ಓದಿ ನೀರು ಕಾಯಿಸುವುದನ್ನು ಬಿಡಬಾರದು, ಎರಡೂ ಇರಲಿ.

ಅರಿಶಿನ ಕೆಂಪಾಗುವ ಬಗೆ

ಮನೆಯಲ್ಲಿ ಕುಂಕುಮ ಮಾಡುತ್ತಿದ್ದ ಕಾಲದಲ್ಲಿ ನಿಂಬೆಯಿಲ್ಲದೆ ಆ ಕೆಲಸ ಆಗುತ್ತಿರಲಿಲ್ಲ. ಅರಿಶಿನದ ಕೊಂಬನ್ನು ಚೂರು ಮಾಡಿ, ಬಿಳಿಗಾರ ಮತ್ತು ಪಟಿಕದ ಪುಡಿ ಬೆರೆಸಿದ ನಿಂಬೆರಸದಲ್ಲಿ ನೆನೆಸಿ, ಮೇಲೆಕೆಳಗೆ ಮಾಡುತ್ತ ರಸ ಹೀರುವವರೆಗೆ ಬಿಟ್ಟು, ನೆರಳಲ್ಲಿ ಒಣಗಿಸಿ ಕುಟ್ಟುತ್ತಿದ್ದರು. ಹಳದಿ ಚೂರು ದಿನ ಕಳೆದಂತೆ ಒಳಗಿನಿಂದ ಕೆಂಪೇರುತ್ತದೆ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್, ಬಿಳಿಗಾರದ ಬೋರಾನ್, ನಿಂಬೆಯ ಆಮ್ಲ ಮೂರೂ ಸೇರಿದಾಗ ಹುಟ್ಟುವ ಕೆಂಪು ಅದು. ಬೋರಾನ್ ಪತ್ತೆಗೆ ರಸಾಯನಶಾಸ್ತ್ರಜ್ಞರು ಪ್ರಯೋಗಶಾಲೆಯಲ್ಲಿ ಇದೇ ಕ್ರಿಯೆಯನ್ನು ಬಳಸುತ್ತಾರೆ.

ಆರತಿಯ ಕೆಂಪು ನೀರು ಬೇರೆ ಬಗೆಯದು. ಅರಿಶಿನಕ್ಕೆ ಸುಣ್ಣ ಸೇರಿಸಿದಾಗ ಕ್ಷಾರದಿಂದ ಬಂದ ಕೆಂಪು ಅದು. ಆ ನೀರಿಗೆ ನಿಂಬೆ ಹಿಂಡಿದರೆ ಮತ್ತೆ ಹಳದಿ. ಶಾಲೆಯಲ್ಲಿ ಆಮ್ಲ, ಕ್ಷಾರದ ಪಾಠ ಮಾಡುವ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕಿಲ್ಲ. ಬೇಕಾಗುವ ಮೂರು ವಸ್ತುಗಳೂ ಮಕ್ಕಳ ಮನೆಯಲ್ಲಿವೆ.

ಹಬ್ಬದ ಹಿಂದಿನ ದಿನ ತಾಮ್ರದ ಹಂಡೆ, ಹಿತ್ತಾಳೆಯ ದೀಪಗಳಿಗೆ ಹಿಂಡಿದ ನಿಂಬೆಯ ಸಿಪ್ಪೆ ಉಪ್ಪಿನೊಡನೆ ಸಿಗುತ್ತದೆ. ತಾಮ್ರದ ಮೇಲಿನ ಕಂದು ಪೊರೆ ತಾಮ್ರದ ಆಕ್ಸೈಡ್. ಆಮ್ಲ ಅದನ್ನು ಕರಗಿಸುತ್ತದೆ, ಉಪ್ಪು ಆ ಕೆಲಸವನ್ನು ಬೇಗ ಮಾಡಿಸುತ್ತದೆ. ಆಯುರ್ವೇದದಲ್ಲಿ ಭಸ್ಮಗಳ ತಯಾರಿಯಲ್ಲಿ ನಿಂಬೆರಸದಲ್ಲಿ ಅರೆದು ಭಾವನೆ ಕೊಡುವ ಕ್ರಮವಿದೆ. ಅಡುಗೆಮನೆಯ ಬಳಕೆ, ಪೂಜೆಯ ಬಳಕೆ, ವೈದ್ಯರ ಬಳಕೆ ಎಲ್ಲಕ್ಕೂ ನೆಲೆ ಒಂದೇ: ಕೈಗೆಟಕುವ, ಶುದ್ಧವಾದ, ತಿನ್ನಲೂಬಹುದಾದ ಆಮ್ಲ ಈ ನಾಡಿಗೆ ಸಿಕ್ಕದ್ದು ಈ ಗಿಡದಿಂದ ಮತ್ತು ಹುಣಿಸೆಯಿಂದ.

ದೇವಿಯ ಗುಡಿಗಳಲ್ಲಿ ಮಂಗಳವಾರ, ಶುಕ್ರವಾರ ನಿಂಬೆಹಣ್ಣಿನ ದೀಪ ಹಚ್ಚುತ್ತಾರೆ. ರಸ ಹಿಂಡಿದ ಅರೆಹೋಳನ್ನು ಒಳಗು ಹೊರಗಾಗುವಂತೆ ಮಗುಚಿ, ಬಟ್ಟಲು ಮಾಡಿ, ಎಣ್ಣೆ ಅಥವಾ ತುಪ್ಪ ಹಾಕಿ ಬತ್ತಿ ಇಡುವುದು. ಹೊಸ ಗಾಡಿಯ ಚಕ್ರದ ಕೆಳಗೆ, ಆಯುಧಪೂಜೆಯಲ್ಲಿ, ಮದುಮಗನ ಕೈಯ ಬಾಕುವಿನ ತುದಿಯಲ್ಲಿ, ಅಂಗಡಿಯ ಬಾಗಿಲಿನ ಮೆಣಸಿನಕಾಯಿ ಸರದಲ್ಲಿ ಅದೇ ಹಣ್ಣು. ದೊಡ್ಡವರನ್ನು ಕಾಣಲು ಬರಿಗೈಲಿ ಹೋಗಬಾರದೆಂದು ನಿಂಬೆಹಣ್ಣು ಹಿಡಿದು ಹೋಗುವ ಪದ್ಧತಿ ಇತ್ತು. ಬಡವನೂ ಕೊಡಬಲ್ಲ, ಸಿರಿವಂತನೂ ಮರ್ಯಾದೆಯಿಂದ ತೆಗೆದುಕೊಳ್ಳಬಲ್ಲ ಕಾಣಿಕೆ ಅದು. ಗರತಿಯರ ತ್ರಿಪದಿಗಳಲ್ಲಿ ನಿಂಬೆಯ ಬನಕ್ಕೆ ಸ್ಥಾನ ಸಿಕ್ಕಿರುವುದು ಬಾಳುವೆಯಲ್ಲಿ ಅದು ಇಷ್ಟೊಂದು ಒಡನಾಡಿದ್ದರಿಂದ.

ಗಿಡದ ಇತರ ಗಿರಾಕಿಗಳು

ನಿಂಬೆಗಿಡ ಮನುಷ್ಯರಿಗೆ ಮಾತ್ರ ಸೇರಿದ್ದಲ್ಲ. ಕಪ್ಪು ರೆಕ್ಕೆಯ ಮೇಲೆ ತಿಳಿಹಳದಿ ಮಚ್ಚೆ, ಹಿಂದಿನ ರೆಕ್ಕೆಯಲ್ಲಿ ಇಟ್ಟಿಗೆಗೆಂಪು ಬೊಟ್ಟು ಇರುವ ನಿಂಬೆಚಿಟ್ಟೆ ಎಳೆಯ ಎಲೆಗಳ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಹೊರಬಂದ ಮರಿಹುಳು ಹಕ್ಕಿಯ ಹಿಕ್ಕೆಯ ಹಾಗೆ ಕಂದು ಬಿಳುಪು ಬೆರೆತಿದ್ದು, ಎಲೆಯ ನಡುವೆಯೇ ಕುಳಿತರೂ ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಬೆಳೆದ ಮೇಲೆ ಎಲೆಯ ಹಸಿರನ್ನೇ ತಾಳುತ್ತದೆ. ಆಗ ಅದನ್ನು ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆಬಣ್ಣದ ಕವಲುಕೋಡು ಹೊರಚಾಚುತ್ತದೆ, ಜೊತೆಗೆ ಘಾಟು ವಾಸನೆ. ಶತ್ರುವನ್ನು ಅಟ್ಟಲು ಅದಕ್ಕಿರುವ ಆಯುಧ ಇದು.

ಎಳೆಯ ಸಸಿಯಾದರೆ ನಾಲ್ಕಾರು ಹುಳು ಸೇರಿ ಬೋಳು ಮಾಡಿಬಿಡುತ್ತವೆ. ಸಸಿಯಲ್ಲಿ ಕಂಡರೆ ಕೈಯಿಂದ ಆರಿಸಿ ದೊಡ್ಡ ಗಿಡಕ್ಕೆ ಬಿಟ್ಟರಾಯಿತು, ಬೆಳೆದ ಗಿಡ ಅಷ್ಟನ್ನು ತಾಳಿಕೊಳ್ಳುತ್ತದೆ. ಎಲೆಯಲ್ಲಿ ಬೆಳ್ಳಿಗೆರೆ ಎಳೆಯುವ ಸುರಂಗಹುಳು, ಎಲೆ, ಕಾಯಿ, ಕಡ್ಡಿಯ ಮೇಲೆ ಕಂದು ಹುರುಪೆ ಏಳಿಸುವ ಕಜ್ಜಿರೋಗ ಇವು ಹೆಚ್ಚಿನ ಕಾಟ ಕೊಡುತ್ತವೆ. ಸುರಂಗಹುಳು ಮಾಡಿದ ಗಾಯದ ಮೂಲಕ ಕಜ್ಜಿಯ ಬ್ಯಾಕ್ಟೀರಿಯಾ ಒಳಹೋಗುವುದರಿಂದ ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು. ಕಜ್ಜಿ ಹತ್ತಿದ ಕಡ್ಡಿಯನ್ನು ಮಳೆಗೆ ಮುಂಚೆ ಸವರಿ ಸುಡುವುದು ಹಿತ್ತಿಲಿನ ಮಟ್ಟಿಗೆ ಸಾಕಾಗುವ ಕ್ರಮ.

ಮತ್ತೆ ಮನುಷ್ಯರ ಬಳಕೆಗೆ ಬಂದರೆ, ಹಿರಿಯರು ಮಾಡುತ್ತಿದ್ದರೆಂದು ಎಲ್ಲವನ್ನೂ ಮುಂದುವರಿಸಬೇಕಿಲ್ಲ. ನಿಂಬೆಯ ಸಿಪ್ಪೆಯಲ್ಲಿ, ರಸದಲ್ಲಿ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳಿವೆ. ಅವು ಚರ್ಮಕ್ಕೆ ತಾಗಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮುಖದ ಕಾಂತಿಗೆಂದು ನಿಂಬೆ ಉಜ್ಜಿಕೊಂಡು ಹೊರಗೆ ಹೋಗುವುದು ಅಪಾಯ. ಕಣ್ಣಿಗೆ ರಸ ಬಿಡುವ ಪ್ರಯೋಗವಂತೂ ಯಾವ ಕಾರಣಕ್ಕೂ ಬೇಡ. ಹೋಳನ್ನು ಹಲ್ಲಿಗೆ ಉಜ್ಜಿದರೆ ಹಲ್ಲು ಬೆಳ್ಳಗಾಗುವ ಬದಲು ಅದರ ಮೇಲಿನ ಗಟ್ಟಿ ಹೊದಿಕೆ ಸವೆಯುತ್ತದೆ.

ಉಳಿಸಿಕೊಳ್ಳುವ ದಾರಿ

ಇದೇ ಗುಬ್ಬಿ ತಾಲ್ಲೂಕಿನ ಚೇಳೂರು ನಮಗೊಂದು ದಾರಿ ತೋರಿಸಿದೆ. ಅಲ್ಲಿನ ರೈತ ಕುಟುಂಬವೊಂದರ ಜಮೀನಿನಲ್ಲಿದ್ದ ಒಂದೇ ಒಂದು ಹಲಸಿನ ಮರದ ಕೆಂಬಣ್ಣದ ತೊಳೆಯ ಗುಣವನ್ನು ತುಮಕೂರು ಬಳಿಯ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕೆ ಪ್ರಯೋಗ ಕೇಂದ್ರದವರು ಪರೀಕ್ಷಿಸಿದರು. ‘ಸಿದ್ದು’ ಎಂಬ ಹೆಸರಿನಲ್ಲಿ ಅದರ ಕಸಿ ಗಿಡಗಳು ಈಗ ರಾಜ್ಯದಾಚೆಗೂ ಹೋಗಿವೆ. 2017ರಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಆ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡಿತು. ಮರ ಕಾಯ್ದುಕೊಂಡವರಿಗೆ ಸಸಿ ಮಾರಾಟದಲ್ಲಿ ಪಾಲು ಸಿಕ್ಕಿತು. ಒಂದು ಮರ ಉಳಿದದ್ದರಿಂದ ಇಷ್ಟೆಲ್ಲ ಆಯಿತು. ಕಡಬದ ಹೋಬಳಿಯಲ್ಲಿ, ಕುಣಿಗಲ್ಲಿನಲ್ಲಿ, ತುಮಕೂರಿನ ಹಳೆಯ ಬಡಾವಣೆಗಳಲ್ಲಿ ಉಳಿದಿರುವ ಹೇರಳೆ, ಮಾದಲ, ಗಜನಿಂಬೆಗಳನ್ನು ಇದೇ ಕಣ್ಣಿನಿಂದ ನೋಡಬೇಕು. ಬೇಸಿಗೆಯಲ್ಲೂ ಕಾಯಿ ಬಿಡುವ, ಕಜ್ಜಿಗೆ ಸೋಲದ, ತೆಳು ಸಿಪ್ಪೆಯ ನಿಂಬೆಗಿಡ ಯಾರ ಹಿತ್ತಿಲಲ್ಲಿದೆ ಎಂದು ಪಟ್ಟಿ ಮಾಡಬೇಕು. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಕೈಯಲ್ಲಿ ದಾಖಲಾತಿಯ ಪುಸ್ತಕವಿದೆ. ಅದರಲ್ಲಿ ಈ ಮರಗಳಿಗೆ ಒಂದು ಪುಟ ಕೊಡಬಹುದು. ಶಾಲೆಯ ಮಕ್ಕಳೂ ಈ ಸಮೀಕ್ಷೆ ಮಾಡಬಲ್ಲರು.

ಮನೆಯವರು ಯಾರಿಗೂ ಕಾಯಬೇಕಿಲ್ಲ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಆರೋಗ್ಯದ ಕೊಂಬೆ ಆರಿಸಿ, ಒಂದು ಅಂಗುಲದಷ್ಟು ತೊಗಟೆಯನ್ನು ಬಳೆಯಾಕಾರದಲ್ಲಿ ಸುಲಿದು, ಒದ್ದೆಯಾದ ಪಾಚಿಯನ್ನೋ ಗೊಬ್ಬರ ಬೆರೆಸಿದ ಮಣ್ಣನ್ನೋ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ಕಡೆ ಬಿಗಿದು ಗೂಟಿ ಕಟ್ಟಿದರೆ ಎರಡು ತಿಂಗಳ ಆಸುಪಾಸಿನಲ್ಲಿ ಬೇರು ಕಾಣುತ್ತದೆ. ಬೇರಿನ ಕೆಳಗೆ ಕತ್ತರಿಸಿ ಚೀಲದಲ್ಲಿ ನೆಟ್ಟು, ನೆರಳಲ್ಲಿಟ್ಟು ಚೇತರಿಸಿಕೊಂಡ ಮೇಲೆ ನೆಲಕ್ಕೆ ಹಾಕಬಹುದು. ಬೀಜದಿಂದ ಗುಣ ಉಳಿಸಿಕೊಳ್ಳಲಾಗದ ಮಾದಲಕ್ಕೂ ಚಕ್ಕೋತಕ್ಕೂ ಇದು ಆಗುತ್ತದೆ. ಮನೆ ಒಡೆಯುವ ಯೋಚನೆಯಿದ್ದರೆ ಅದಕ್ಕೆ ಮುಂಚಿನ ಮುಂಗಾರಿನಲ್ಲಿ ಈ ಕೆಲಸ ಮುಗಿಸಿ, ಒಂದೊಂದು ಸಸಿಯನ್ನು ನೆಂಟರ ಹಿತ್ತಿಲಿಗೆ, ಶಾಲೆಯ ಅಂಗಳಕ್ಕೆ, ಗುಡಿಯ ಹಿಂಬದಿಗೆ ದಾಟಿಸಬೇಕು. ಒಂದೇ ಕಡೆ ಇದ್ದ ಗಿಡ ಒಂದು ದಿನ ಹೋಗುತ್ತದೆ, ಹತ್ತು ಕಡೆ ಹಂಚಿದ್ದು ಉಳಿಯುತ್ತದೆ.

ನಗರದಲ್ಲಿ ಅಷ್ಟು ಜಾಗವಿಲ್ಲ ಎನ್ನುವವರಿಗೂ ನಿಂಬೆ ಒಪ್ಪುತ್ತದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ತಾರಸಿಯಲ್ಲಿ, ತಳದಲ್ಲಿ ತೂತಿರುವ ದೊಡ್ಡ ಡ್ರಮ್ಮಿನಲ್ಲಿ ಗೂಟಿಯ ಗಿಡ ಮೂರು ವರ್ಷದಲ್ಲಿ ಕಾಯಿ ಹಿಡಿಯುತ್ತದೆ. ಆದರೆ ಜಾಗ ಇರುವವರು ನಿಂಬೆಯೊಂದಕ್ಕೇ ನಿಲ್ಲದೆ ಅದರ ಪಕ್ಕಕ್ಕೆ ಒಂದು ಹೇರಳೆಯನ್ನೋ ಮಾದಲವನ್ನೋ ಇಟ್ಟುಕೊಳ್ಳಬೇಕು. ನಿಂಬೆಯನ್ನು ಪೇಟೆ ಹೇಗಾದರೂ ಉಳಿಸಿಕೊಳ್ಳುತ್ತದೆ. ಅದನ್ನು ನಂಬಿದ ಇಂಡಿಯಂಥ ಸೀಮೆಯಿದೆ, ಮಂಡಳಿಯಿದೆ. ಹೇರಳೆಗೆ, ಮಾದಲಕ್ಕೆ ಅಂಥ ಯಾರೂ ಇಲ್ಲ. ಅವುಗಳನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದು ಹಿತ್ತಿಲಿದ್ದ ಮನೆಗಳು, ಮುಂದೆಯೂ ಕಾಪಾಡಬೇಕಾದವರು ಆ ಮನೆಗಳವರೇ. ಈ ಮುಂಗಾರಿಗೆ ಒಂದು ಗೂಟಿ ಕಟ್ಟಿದರೆ ಆ ಕೆಲಸ ಶುರುವಾಗುತ್ತದೆ.